ಸ್ಕ್ರೋಲ್ ಮಾಡುವ ಬೆರಳು ಎಲ್ಲಿ ನಿಲ್ಲುತ್ತದೆ?

‘ಈಗಿನ ಹುಡುಗರು ಸದಾ ನೆಟ್‌ನಲ್ಲೇ ಇರ್ತಾರೆ, ಅವರಿಗೆ ಎಲ್ಲ ಗೊತ್ತು, ಎಲ್ಲವನ್ನೂ ಒಪ್ತಾರೆ’ ಎಂಬ ಮಾತನ್ನು ದೊಡ್ಡವರು ಆಗಾಗ ಹೇಳುತ್ತಾರೆ. ಸಲಿಂಗಕಾಮದ ವಿಷಯದಲ್ಲಿ ನನಗೆ ಹಾಗೆ ಅನ್ನಿಸಿಲ್ಲ. ದಿನಕ್ಕೆ ಐದಾರು ಗಂಟೆ ಫೋನ್ ಹಿಡಿದೇ ಇರುವವರು ‘ಗೇ’ ಎಂಬ ಪದವನ್ನು ಬೈಗುಳದಂತೆ ಬಳಸುವುದನ್ನು ಕ್ಲಾಸಿನಲ್ಲಿ, ಹಾಸ್ಟೆಲ್‌ನಲ್ಲಿ ದಿನವೂ ಕೇಳುತ್ತೇನೆ.

ನಮ್ಮ ರೂಮಿನ ನಾಲ್ವರೂ ಬಳಸುವುದು ಒಂದೇ ವೈಫೈ. ಆದರೂ ನಾಲ್ವರು ನೋಡುವ ಜಗತ್ತು ಬೇರೆ ಬೇರೆ. ನಾವು ಯಾವ ವಿಡಿಯೊ ಪೂರ್ತಿ ನೋಡುತ್ತೇವೆ, ಯಾವುದನ್ನು ಶೇರ್ ಮಾಡುತ್ತೇವೆ ಎಂಬುದನ್ನು ಆ್ಯಪ್ ಲೆಕ್ಕ ಹಾಕಿ ಅಂಥದ್ದನ್ನೇ ಮತ್ತೆ ತಂದು ಕೊಡುತ್ತದೆ. ಇಬ್ಬರು ಗಂಡಸರು ಕೈ ಹಿಡಿದು ನಡೆಯುವುದನ್ನು ಲೇವಡಿ ಮಾಡುವ ರೀಲ್ಸ್‌ಗೆ ಒಮ್ಮೆ ನಕ್ಕು ಫಾರ್ವರ್ಡ್ ಮಾಡಿದರೆ, ಅದೇ ಬಗೆಯ ಇನ್ನಷ್ಟು ರೀಲ್ಸ್ ಬರುತ್ತವೆ. ಕ್ರಮೇಣ ಸಲಿಂಗಿಗಳೆಂದರೆ ತಮಾಷೆಯ ಸರಕು ಎಂಬ ಭಾವನೆ ಬೇರೂರುತ್ತದೆ.

ಪರಸ್ಪರ ಒಡನಾಟದಿಂದ ಪೂರ್ವಗ್ರಹ ಕಡಿಮೆಯಾಗಬಹುದು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಪರದೆಯ ಮೇಲಿನ ಪರಿಚಯಕ್ಕೂ ಸ್ವಲ್ಪಮಟ್ಟಿಗೆ ಆ ಶಕ್ತಿ ಇದೆ ಎಂದು ಅಮೆರಿಕದ ಸಂಶೋಧಕರು 2005ರಲ್ಲಿ ಪ್ರತಿಪಾದಿಸಿದರು. ಇದು ನನಗೆ ನಿಜ ಅನ್ನಿಸಿದೆ. ಮಮ್ಮುಟ್ಟಿ ಅಭಿನಯದ ‘ಕಾದಲ್ – ದಿ ಕೋರ್’ (2023) ಸಿನಿಮಾವನ್ನು ಫೋನಿನಲ್ಲಿ ನೋಡಿದ ನನ್ನ ರೂಮ್‌ಮೇಟ್ ಒಬ್ಬ, ಆ ಮನೆಯವರ ಸಂಕಟದ ಬಗ್ಗೆ ರಾತ್ರಿಯೆಲ್ಲ ಮಾತಾಡಿದ. ನೂರಾರು ಮೀಮ್‌ ನೋಡಿದಾಗ ಅವನಿಗೆ ಬಾರದ ಪ್ರಶ್ನೆಗಳು ಅಂದು ಬಂದವು.

ನನ್ನ ಗೆಳೆಯನೊಬ್ಬ ಸಲಿಂಗಿ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ಪಿಯುಸಿಯಲ್ಲಿದ್ದಾಗ ‘ನನ್ನಂಥವರು ಬೇರೆಯವರೂ ಇದ್ದಾರೆ’ ಎಂದು ಅವನಿಗೆ ಗೊತ್ತಾಗಿದ್ದು ಇಂಟರ್‌ನೆಟ್‌ನಿಂದಲೇ. ಈಗ ಅದೇ ಫೋನಿಗೆ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಿಂದ ಅವನಂಥವರ ಮೇಲಿನ ಜೋಕುಗಳು ಬಂದು ಬೀಳುತ್ತವೆ. ಅವನೂ ನಗುವ ಇಮೋಜಿ ಹಾಕುತ್ತಾನೆ. ಸುಮ್ಮನಿದ್ದರೆ ಅನುಮಾನ ಬರುತ್ತದಲ್ಲ!

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆಗ ನಾವೆಲ್ಲ ಸ್ಕೂಲಿನಲ್ಲಿದ್ದೆವು. ಕಾನೂನು ಬದಲಾಗಿ ಇಷ್ಟು ವರ್ಷವಾದರೂ ಅವನು ಕ್ಲಾಸಿನಲ್ಲಿ ಬಾಯಿ ಬಿಡಲಾರ. ಅವನಿಗಿರುವ ಭಯ ಪೊಲೀಸರದ್ದಲ್ಲ, ನಮ್ಮದು.

ನೆಟ್‌ನಲ್ಲಿ ‘ಸಲಿಂಗಕಾಮಕ್ಕೆ ಚಿಕಿತ್ಸೆ’ ಎಂದು ನಂಬಿಸುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಇಂಥ ‘ಪರಿವರ್ತನಾ ಚಿಕಿತ್ಸೆ’ ನೀಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಈ ಮಾಹಿತಿಯೂ ಅದೇ ನೆಟ್‌ನಲ್ಲಿದೆ. ಆದರೆ ತಾನಾಗಿ ಫೀಡ್‌ಗೆ ಬರುವುದಿಲ್ಲ, ನಾವೇ ಹುಡುಕಬೇಕು.

ಲ್ಯಾಪ್‌ಟಾಪ್ ಕೊಳ್ಳುವಾಗ ಹತ್ತು ರಿವ್ಯೂ ನೋಡುವ ನಾವು, ಇನ್ನೊಬ್ಬರ ಬದುಕಿನ ಬಗ್ಗೆ ತೀರ್ಪು ಕೊಡಲು ಮೂವತ್ತು ಸೆಕೆಂಡಿನ ರೀಲ್ಸ್ ನಂಬಿದರೆ ಹೇಗೆ? ಸಲಿಂಗಿಗಳೇ ತಮ್ಮ ಬಗ್ಗೆ ಹೇಳಿಕೊಂಡ ಒಂದು ಸಂದರ್ಶನ ಪೂರ್ತಿ ಕೇಳಿ. ಕನ್ನಡದಲ್ಲೇ ಓದಬೇಕೆಂದರೆ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನವಿದೆ. ಆಮೇಲೆ ನಿಮ್ಮ ಅಭಿಪ್ರಾಯ ನಿಮ್ಮದು. ಗ್ರೂಪಿಗೆ ಅಂಥ ಜೋಕ್ ಬಂದಾಗ ಮಾತ್ರ ಫಾರ್ವರ್ಡ್ ಒತ್ತಬೇಡಿ. ಆ ಗ್ರೂಪಿನಲ್ಲಿ ನಿಮ್ಮ ಗೆಳೆಯನೋ ಗೆಳತಿಯೋ ಅದನ್ನು ಓದಿ ಸುಳ್ಳುನಗೆ ನಗುತ್ತಿರಬಹುದು.