ಒಂದು ಗುಡಿಸಿನ ಬೆಲೆ

ಬರವಣಿಗೆಯಲ್ಲಿ ತಪ್ಪು ನುಸುಳುವುದು ಹೊಸತೇನಲ್ಲ. ಓಲೆಗರಿಯ ಕಾಲದಿಂದಲೂ ಲಿಪಿಕಾರರ ಕೈತಪ್ಪುಗಳು ನಮ್ಮ ಕಾವ್ಯಗಳ ಸಂಪಾದಕರನ್ನು ಕಾಡುತ್ತಲೇ ಬಂದಿವೆ. ಆದರೆ ಲಿಪಿಕಾರನ ತಪ್ಪಿನಿಂದ ಕೆಡುವುದು ಒಂದು ಪದ್ಯದ ಪಾಠ. ಹೆಚ್ಚೆಂದರೆ ವಿದ್ವಾಂಸರ ನಡುವೆ ಒಂದು ಚರ್ಚೆ ಹುಟ್ಟೀತು. ಕಚೇರಿಯ ಸುತ್ತೋಲೆ, ಬ್ಯಾಂಕಿನ ನೋಟೀಸು, ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲಾದವುಗಳಲ್ಲಿನ ತಪ್ಪು ಹಾಗಲ್ಲ. ಅಲ್ಲಿ ದಂಡ ತೆರುವವನು ಬರೆದವನಲ್ಲ, ಓದಿದವನು. ವೃತ್ತಿಯ ಬರವಣಿಗೆಯ ಶುದ್ಧಾಶುದ್ಧತೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿರುವುದು ಈ ಕಾರಣದಿಂದಲೇ.

ನಿತ್ಯವೂ ಕಣ್ಣಿಗೆ ಬೀಳುವ ತಪ್ಪುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೆಲವು ಕಣ್ಣನ್ನು ಚುಚ್ಚುತ್ತವೆ, ಆದರೆ ಅರ್ಥವನ್ನು ಕೆಡಿಸವು. 'ಅಭಿವೃದ್ಧಿ'ಯ ಮಹಾಪ್ರಾಣಗಳೆರಡನ್ನೂ ಕಳೆದು 'ಅಬಿವೃದ್ದಿ' ಎಂದು ಬರೆದ ಫಲಕವನ್ನು ಕಂಡು ನಾವು ನಗಬಹುದು. ಇದು ಯಾವ ಇಲಾಖೆಯೆಂದು ತಿಳಿಯದೆ ಯಾರೂ ಹಿಂದಿರುಗುವುದಿಲ್ಲ. ವಿಚಿತ್ರವೆಂದರೆ, ಬೇಕಾದೆಡೆ ಬಿಟ್ಟ ಮಹಾಪ್ರಾಣವನ್ನು ಬೇಡದೆಡೆ ತಂದು ಕೂರಿಸುವುದೂ ಉಂಟು. 'ಸ್ವಚ್ಛ'ಕ್ಕೆ ಸಲ್ಲಬೇಕಾದ ಛಕಾರವನ್ನು 'ಉಚ್ಚ ನ್ಯಾಯಾಲಯ'ಕ್ಕೆ ತೊಡಿಸಿ 'ಉಚ್ಛ' ಎಂದು ಬರೆಯುತ್ತಾರೆ. 'ಜಾತಿ', 'ಅತೀತ' ಎಂಬೆರಡು ಪದಗಳು ಸೇರಿದಾಗ ಯಣ್ ಸಂಧಿಯಾಗಿ 'ಜಾತ್ಯತೀತ' ಎಂದಾಗಬೇಕು. ಬಳಕೆಯಲ್ಲಿ ಕಾಣುವುದು ಬಹುಮಟ್ಟಿಗೆ 'ಜಾತ್ಯಾತೀತ'. 'ಅತ್ಯಾಧುನಿಕ'ದಲ್ಲಿ ದೀರ್ಘವಿದೆಯಲ್ಲ ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ವಾದಿಸುತ್ತಾರೆ. ಅಲ್ಲಿ ಉತ್ತರಪದವೇ 'ಆಧುನಿಕ'. ಹ್ರಸ್ವದಿಂದ ಮೊದಲಾಗುವ 'ಅತೀತ'ಕ್ಕೆ ಆ ದೀರ್ಘ ಎಲ್ಲಿಂದ ಬರಬೇಕು?

ಇಂಥ ಕಡೆ ವೈಯಾಕರಣನು ತುಸು ಉದಾರಿಯಾಗಿರುವುದು ಲೇಸು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಟ್ಟನು. ಆ ಅಕ್ಷರ ಆಗಲೇ ಜನರ ನಾಲಗೆಯಿಂದ ಜಾರತೊಡಗಿತ್ತು. ಅವನ ಶ್ರಮದಿಂದ ಅದು ಉಳಿಯಲಿಲ್ಲ. ಱಕಾರವೂ ಕಾಲಕ್ರಮದಲ್ಲಿ ಕಣ್ಮರೆಯಾಯಿತು. ಅದರಿಂದ ಕನ್ನಡವೇನೂ ಮೂಕವಾಗಲಿಲ್ಲ. ಸಂಸ್ಕೃತದ 'ಘಂಟಾ' ನಮ್ಮ ಬಾಯಲ್ಲಿ 'ಗಂಟೆ'ಯಾಗಿ ಈಗಲೂ ಸರಿಯಾಗಿಯೇ ಬಾರಿಸುತ್ತಿದೆ. ಆದುದರಿಂದ ಉಚ್ಚಾರಣೆಯ ಒತ್ತಡದಿಂದ ಹುಟ್ಟಿದ ರೂಪವನ್ನು ಕಂಡೊಡನೆ ಬೆತ್ತವೆತ್ತುವ ಅವಸರ ನನಗಿಲ್ಲ. ತಿದ್ದಬೇಕು, ನಿಜ, ಆದರೆ ಕೋಪ ಬೇಡ.

ಕೋಪಕ್ಕೆ ಅರ್ಹವಾದ ತಪ್ಪುಗಳು ಬೇರೆ ಇವೆ. ಕನ್ನಡದಲ್ಲಿ ಹೌದು, ಅಲ್ಲಗಳ ನಡುವಿನ ಗೋಡೆ ಬಹಳ ತೆಳುವಾದುದು. ಧಾತುವಿಗೆ ಭೂತಕಾಲದ ದಕಾರ ಹತ್ತಿದರೆ 'ಮಾಡಿದ'. ನಿಷೇಧದ 'ಅದ' ಹತ್ತಿದರೆ 'ಮಾಡದ'. 'ಸಲ್ಲಿಸಿದ', 'ಸಲ್ಲಿಸದ', 'ಪಾವತಿಸಿದ', 'ಪಾವತಿಸದ'. ಬರಹದಲ್ಲಿ ಇವುಗಳ ಅಂತರ ಒಂದೇ ಒಂದು ಗುಡಿಸು.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಸಾಲ ಕೊಡುವ ಸಂಸ್ಥೆಯೊಂದರ ಪ್ರಕಟಣೆಯನ್ನು ತಂದು ತೋರಿಸಿದನು. ಅವಧಿಯೊಳಗೆ ಸಾಲ ತೀರಿಸಿದವರನ್ನು ಅಭಿನಂದಿಸಲು ಸಿದ್ಧಪಡಿಸಿದ ಪಟ್ಟಿಯದು. ತಲೆಬರಹದಲ್ಲಿ ಗುಡಿಸು ಬಿದ್ದುಹೋಗಿ 'ಸಾಲ ತೀರಿಸದ ಸದಸ್ಯರು' ಎಂದು ಅಚ್ಚಾಗಿತ್ತು. ಮೂರನೆಯ ಹೆಸರು ಅವನ ತಂದೆಯದು. "ಎತ್ತು ಮಾರಿ ಸಾಲ ಕಟ್ಟಿದರು ಸಾರ್. ಈಗ ಅಪ್ಪ ಸಂತೆಗೂ ಹೋಗುತ್ತಿಲ್ಲ" ಎಂದನು. ಮರುವಾರ ತಿದ್ದುಪಡಿಯೇನೋ ಬಂದಿತು. ಮೊದಲಿನ ಪಟ್ಟಿಯನ್ನು ಓದಿದವರೆಲ್ಲರೂ ಅದನ್ನು ಓದಿದರೆಂದು ಹೇಳುವವರು ಯಾರು?

ವಿಭಕ್ತಿಯ ಮಾತೂ ಹೀಗೆಯೇ. 'ಅರ್ಜಿದಾರರು ನೀಡಿದ ದಾಖಲೆ' ಎಂಬುದು 'ಅರ್ಜಿದಾರರಿಗೆ ನೀಡಿದ ದಾಖಲೆ' ಎಂದಾದರೆ ಕೊಟ್ಟವನೇ ಪಡೆದವನಾಗುತ್ತಾನೆ. ಆ ಕಾಗದ ಕಳೆದುಹೋದಾಗ ಹೊಣೆ ಯಾರದೆಂಬುದನ್ನು ಆ ಒಂದು ಪ್ರತ್ಯಯವೇ ನಿರ್ಣಯಿಸುತ್ತದೆ.

ಒಬ್ಬ ರೈತನ ಸಂಕಟ ಹಾಗಿರಲಿ, ಸಾವಿರಾರು ಯುವಕ ಯುವತಿಯರ ಭವಿಷ್ಯವೇ ವಾಕ್ಯದೋಷಕ್ಕೆ ಸಿಕ್ಕಿ ತೂಗಾಡಿದುದನ್ನು ನಾಡು ಕಂಡಿದೆ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗಾಗಿ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳ ಕನ್ನಡ ಅನುವಾದದಲ್ಲಿ ದೋಷಗಳಿವೆಯೆಂದು ಕೂಗೆದ್ದಿತು. ಸರ್ಕಾರ ಮರುಪರೀಕ್ಷೆ ನಡೆಸಲು ಸೂಚಿಸಿತು. ಅದೇ ವರ್ಷದ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದಾಗಲೂ ಅದೇ ದೂರು ಮತ್ತೆ ಕೇಳಿಬಂದಿತು. ಇಂಗ್ಲಿಷಿನಲ್ಲಿ ಓದಿದವನಿಗೆ ಪ್ರಶ್ನೆಯಾಗಿರುವುದು ಕನ್ನಡದಲ್ಲಿ ಓದಿದವನಿಗೆ ಒಗಟಾದರೆ, ಆ ಪರೀಕ್ಷೆ ಅಳೆಯುವುದಾದರೂ ಏನನ್ನು? 1963ರ ಅಧಿನಿಯಮದಿಂದ ಕನ್ನಡ ರಾಜಭಾಷೆಯಾಗಿ ಆರು ದಶಕಗಳು ಸಂದ ಮೇಲೂ ನಾವು ಈ ಪ್ರಶ್ನೆಯನ್ನು ಕೇಳಬೇಕಾಗಿ ಬಂದಿದೆ.

ಕಾರಣಗಳು ಗೂಢವಾದುವಲ್ಲ. ವಿಷಯ ಮೊದಲು ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ. ಕನ್ನಡಕ್ಕೆ ಸಿಗುವುದು ಕೊನೆಯ ಗಳಿಗೆ. ಪದಕ್ಕೆ ಪದ ಇಟ್ಟರೆ ವಾಕ್ಯವಾಯಿತೆಂಬ ನಂಬಿಕೆ ಬೇರೆ. ಅಚ್ಚುಮೊಳೆಯ ಕಾಲದಲ್ಲಿ ಮೊಳೆ ಜೋಡಿಸುವವನು, ಕರಡು ತಿದ್ದುವವನು, ಸಂಪಾದಕ ಎಂದು ಮೂರು ಜೊತೆ ಕಣ್ಣುಗಳಾದರೂ ಬರಹದ ಮೇಲೆ ಹಾಯುತ್ತಿದ್ದವು. ಈಗ ಕಂಪ್ಯೂಟರಿನ ಮುಂದೆ ಕುಳಿತ ಒಬ್ಬನೇ ಎಷ್ಟೋ ವೇಳೆ ಈ ಮೂವರೂ ಆಗಿರುತ್ತಾನೆ. ತಾನು ಬರೆದುದರಲ್ಲಿ ಕಣ್ಣು ಕಾಣುವುದು ಬರೆದುದನ್ನಲ್ಲ, ಬರೆಯಬೇಕೆಂದುಕೊಂಡುದನ್ನು.

2021ರಲ್ಲಿ ತೀರಿಕೊಂಡ ಶತಾಯುಷಿ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಶಬ್ದಸಂದೇಹಗಳಿಗೆ ಬಹುಕಾಲ ಉತ್ತರ ಬರೆದರು. ಆ ಉತ್ತರಗಳಷ್ಟೇ ನನಗೆ ಬೆಲೆಯುಳ್ಳದ್ದಾಗಿ ತೋರುವುದು, ಕೇಳಿದವರ ಸಂದೇಹ. ಇದು ಸರಿಯೋ ತಪ್ಪೋ ಎಂದು ಒಂದು ಕ್ಷಣ ನಿಲ್ಲುವವನು ನಿಘಂಟನ್ನು ತೆರೆಯುತ್ತಾನೆ; ನಿಲ್ಲದವನಿಗೆ ಯಾವ ನಿಘಂಟೂ ನೆರವಾಗದು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಕವಿಗಳಾಗಲಾರರು. ಗುಮಾಸ್ತರೂ ಅಧಿಕಾರಿಗಳೂ ಪತ್ರಕರ್ತರೂ ಆದಾರು. ಅವರಿಗೆ ನಾನು ಹೇಳುವುದಿಷ್ಟೆ. ನೀವು ಬರೆದ ನೋಟೀಸನ್ನು ಸಹಿಗೆ ಕಳುಹಿಸುವ ಮುನ್ನ ಪಕ್ಕದವರಿಗೆ ಒಮ್ಮೆ ಗಟ್ಟಿಯಾಗಿ ಓದಿಹೇಳಿ. ಅವರಿಗೆ ಒಂದೇ ಸಲಕ್ಕೆ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ. ಅದಕ್ಕೆ ತಗಲುವುದು ಐದು ನಿಮಿಷ.