ಲ್ಯಾಬಿನ ಸಿಂಕ್ ಬಿಚ್ಚೋ ಮೊದಲು

ಲ್ಯಾಬಿನ ಸಿಂಕ್ ಕಟ್ಟಿಕೊಂಡಿದೆ. ಪ್ಲಂಬರ್ ಬಂದಿದ್ದಾರೆ, ಕೈಯಲ್ಲಿ ಪೈಪ್ ರೆಂಚ್. ಆ ಪೈಪಿನೊಳಗೆ ಏನಿರಬಹುದು ಅಂತ ಅವರಿಗೆ ಯಾರಾದ್ರೂ ಹೇಳಿದ್ದಾರಾ?

ಸೋಡಿಯಂ ಅಜೈಡ್. ಲ್ಯಾಬಿನ ಕೆಲವು ದ್ರಾವಣಗಳು ಕೆಡದಿರಲಿ ಅಂತ ಚೂರೇ ಚೂರು ಬೆರೆಸಿರ್ತಾರೆ. ಅದನ್ನ ವರ್ಷಗಟ್ಟಲೆ ಸಿಂಕಿಗೆ ಸುರಿದರೆ, ತಾಮ್ರ ಅಥವಾ ಸೀಸದ ಪೈಪಿನ ಜೊತೆ ಸೇರಿ ಒಳಗೇ ಸ್ಫೋಟಕವಾಗಿ ಕೂತುಬಿಡಬಹುದು. ರೆಂಚಿನ ಒಂದು ಏಟು, ಒಂದು ತಿಕ್ಕಾಟ ಸಾಕು, ಸಿಡಿಯುತ್ತೆ. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ (NIOSH) 1976ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು.

ಬಾಗಿಲಿಗೆ ಅಂಟಿಸಿದ ಇಂಗ್ಲಿಷ್ ಎಚ್ಚರಿಕೆ ಬೋರ್ಡ್ ಖಂಡಿತ ಸಾಲದು. ಲ್ಯಾಬಿನವರೇ ಪಕ್ಕದಲ್ಲಿ ನಿಂತು, ಪ್ಲಂಬರ್‌ಗೆ ಬರೋ ಭಾಷೆಯಲ್ಲಿ ಹೇಳಬೇಕು: "ಅಣ್ಣಾ, ಈ ಪೈಪ್ ಈಗಲೇ ಮುಟ್ಟಬೇಡಿ. ಮೊದಲು ಸೇಫ್ಟಿಯವರು ನೋಡಲಿ." ಏನು ಅರ್ಥವಾಯ್ತು ಅಂತ ಅವರ ಬಾಯಿಂದಲೇ ಕೇಳಿ. ಕೆಲಸ ಶುರು ಮಾಡೋ ಪರ್ಮಿಟ್‌ಗೆ ಸಹಿ ಆಮೇಲೆ.