ಬೆರಿಲಿಯಂ ಕಾರ್ಬೈಡ್: ಗುಣ ಬಹಳ, ಬಳಕೆ ವಿರಳ

ಕಾರ್ಬೈಡ್ ಎಂದೊಡನೆ ವರ್ತಕರಿಗೆ ನೆನಪಾಗುವುದು ಲೇತ್ ಯಂತ್ರದ ಟಂಗ್‌ಸ್ಟನ್ ಕಾರ್ಬೈಡ್ ಟಿಪ್, ಸಾಣೆಚಕ್ರದ ಸಿಲಿಕಾನ್ ಕಾರ್ಬೈಡ್, ಗ್ಯಾಸ್ ವೆಲ್ಡಿಂಗಿನ ಕ್ಯಾಲ್ಸಿಯಂ ಕಾರ್ಬೈಡ್. ಇದೇ ಕುಟುಂಬಕ್ಕೆ ಸೇರಿದ ಬೆರಿಲಿಯಂ ಕಾರ್ಬೈಡ್ ಮಾತ್ರ ಸಾಮಾನ್ಯ ದರಪಟ್ಟಿಗಳಲ್ಲಿ ಕಾಣಸಿಗುವುದಿಲ್ಲ.

ಬೆರಿಲಿಯಂ ಲೋಹವನ್ನು ಇಂಗಾಲದೊಡನೆ 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಅಥವಾ ಅದರ ಆಕ್ಸೈಡನ್ನು 1500 ಡಿಗ್ರಿಗೂ ಮೇಲೆ ಕಾಯಿಸಿದಾಗ ಇಟ್ಟಿಗೆ ಕೆಂಪಿನ ಈ ಸೆರಾಮಿಕ್ ದೊರೆಯುತ್ತದೆ. ಇದು ಅತಿ ಕಠಿಣ. ಸುಮಾರು 2100 ಡಿಗ್ರಿಯವರೆಗೆ ಕರಗದು. ಸಿಲಿಕಾನ್ ಕಾರ್ಬೈಡಿನ ಸಾಂದ್ರತೆ 3.2 ಆದರೆ ಇದರದು 1.9 ಮಾತ್ರ. ಇದರಲ್ಲಿರುವ ಎರಡೂ ಧಾತುಗಳು ನ್ಯೂಟ್ರಾನುಗಳನ್ನು ಹೆಚ್ಚಾಗಿ ಹೀರದೆ ಅವುಗಳ ವೇಗವನ್ನು ತಗ್ಗಿಸುವುದರಿಂದ, ಪರಮಾಣು ಸ್ಥಾವರಗಳ ಗರ್ಭಭಾಗಕ್ಕೆ ಒದಗಬಹುದೆಂದು ವಿಜ್ಞಾನಿಗಳು ಇದನ್ನು ಪರಿಶೀಲಿಸಿದರು. ಬಳಕೆಯ ಮಾತು ಬಹುಮಟ್ಟಿಗೆ ಅಲ್ಲಿಗೇ ನಿಂತಿತು.

ಮೊದಲ ತೊಡಕು ನೀರಿನದು. ಕ್ಯಾಲ್ಸಿಯಂ ಕಾರ್ಬೈಡ್ ನೀರು ತಗುಲಿದರೆ ಅಸಿಟಿಲೀನ್ ಕೊಡುವಂತೆ, ಇದು ನಿಧಾನವಾಗಿ ಮೀಥೇನ್ ಅನಿಲವನ್ನು ಬಿಡುತ್ತ ಒಡೆಯುತ್ತದೆ. ಗಾಳಿಯ ತೇವವನ್ನೂ ತಾಳದ ವಸ್ತುವಿನಿಂದ ಬಾಳಿಕೆಯ ಬಿಡಿಭಾಗ ಮಾಡುವುದೆಂತು?

ಎರಡನೆಯದು ವಿಷ. ಬೆರಿಲಿಯಂ ಧೂಳು ಉಸಿರಿನೊಡನೆ ಒಳಸೇರಿದರೆ, ಅದಕ್ಕೆ ಸೂಕ್ಷ್ಮವಾಗಿ ಸ್ಪಂದಿಸುವ ದೇಹವುಳ್ಳವರಲ್ಲಿ ಗುಣವಾಗದ ಶ್ವಾಸಕೋಶದ ರೋಗ ಉಂಟಾಗುತ್ತದೆ; ಕೆಲಸ ಬಿಟ್ಟು ಎಷ್ಟೋ ವರ್ಷಗಳ ನಂತರವೂ ಅದು ತಲೆದೋರಬಹುದು. ಕ್ಯಾನ್ಸರಿನ ಅಪಾಯವೂ ಉಂಟು. 1940ರ ದಶಕದಲ್ಲಿ ಅಮೆರಿಕದ ಟ್ಯೂಬ್‌ಲೈಟ್ ಕಾರ್ಖಾನೆಗಳ ಕಾರ್ಮಿಕರು ಇದಕ್ಕೆ ಬಲಿಯಾದ ಮೇಲೆ, 1949ರಲ್ಲಿ ಆ ಉದ್ಯಮ ಬೆರಿಲಿಯಂ ಲೇಪವನ್ನು ಕೈಬಿಟ್ಟಿತು. ಎಂಟು ಗಂಟೆಗಳ ಪಾಳಿಯಲ್ಲಿ ಘನ ಮೀಟರ್ ಗಾಳಿಗೆ 2 ಮೈಕ್ರೋಗ್ರಾಂ ಇದ್ದ ಮಿತಿಯನ್ನು ಅಮೆರಿಕ 2017ರ ನಿಯಮದಲ್ಲಿ 0.2ಕ್ಕೆ ಇಳಿಸಿತು. ಕಣ್ಣಿಗೆ ಕಾಣುವಷ್ಟು ಧೂಳೆದ್ದಿತೆಂದರೆ ಮಿತಿ ಎಂದೋ ಮೀರಿರುತ್ತದೆ.

ಬೆರಿಲಿಯಂ ಕಾರ್ಬೈಡ್ ಸಣ್ಣ ಕಾರ್ಖಾನೆಯ ಬಾಗಿಲಿಗೆ ಬರುವುದು ಅಪರೂಪವೇ. ಬರುವುದು ಬೆರಿಲಿಯಂ ತಾಮ್ರ. ಸ್ಪ್ರಿಂಗ್, ವಿದ್ಯುತ್ ಸಂಪರ್ಕದ ಭಾಗ, ಕಿಡಿ ಹಾರದ ಉಪಕರಣ, ಪ್ಲಾಸ್ಟಿಕ್ ಅಚ್ಚುಗಳಲ್ಲಿ ಬಳಸುವ ಈ ಮಿಶ್ರಲೋಹದಲ್ಲಿ ಬೆರಿಲಿಯಂ ಸಾಮಾನ್ಯವಾಗಿ ಶೇಕಡಾ 2ರಷ್ಟೇ. ಗಟ್ಟಿ ತುಂಡನ್ನು ಕೈಯಲ್ಲಿ ಹಿಡಿದರೆ ಭಯವಿಲ್ಲ. ಒಣಸಾಣೆ, ವೆಲ್ಡಿಂಗ್, ಕರಗಿಸುವಿಕೆಗಳಲ್ಲಿಯೇ ಅಪಾಯ. ಧೂಳನ್ನು ಹುಟ್ಟುವೆಡೆಯಲ್ಲೇ ಹೀರುವ ವ್ಯವಸ್ಥೆ ಬೇಕು. ಕಂಪ್ರೆಸರ್ ಗಾಳಿಯಿಂದ ಯಂತ್ರ ಸ್ವಚ್ಛಗೊಳಿಸುವ ರೂಢಿಯನ್ನು ಇಲ್ಲಿ ನಿಲ್ಲಿಸಲೇಬೇಕು. ಕೆಲಸದ ಬಟ್ಟೆ ಮನೆಗೆ ಹೋಗಬಾರದು.

ಉಜ್ಜುಪುಡಿ, ನಳಿಕೆಗಳಿಗೆ ಬಳಸುವ ಬೋರಾನ್ ಕಾರ್ಬೈಡ್ ಬೇರೆಯೇ ವಸ್ತು. ಹೆಸರುಗಳು ಹತ್ತಿರವಾದ್ದರಿಂದ, ಖರೀದಿ ಆದೇಶದಲ್ಲಿ ಧಾತುವಿನ ಪೂರ್ಣ ಹೆಸರು ಬರೆದು, ಸರಬರಾಜುದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಸರಕಿಗೆ ಮೊದಲೇ ತರಿಸಿಕೊಳ್ಳುವುದು ಉಚಿತ.